ಎಡ ಒಡಲಿನ ಬಿರಡೆ

ಮಂಗಳವಾರ, ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದ ಮೇಲೆ (ಹೌದು, ನಾನೇ ತೊಳೆದೆ)

ದೋಣಿಯ ಅರ್ಧಕ್ಕೂ ಮನೆಯ ಮುಕ್ಕಾಲಿಗೂ ಒಡತಿಯಾದವಳಿಗೆ,

ಸಕಲರಿಗೂ ಈ ಮೂಲಕ ಪ್ರಕಟಪಡಿಸುವುದೇನೆಂದರೆ, ಹೆಬ್ಬೆರಳು ಗಾತ್ರದ, ಬಿಳಿ ಬಣ್ಣದ ಪ್ಲಾಸ್ಟಿಕ್ ಬಿರಡೆಯೊಂದು ಹನ್ನೆರಡು ದಿನಗಳಿಂದ ಕಾಣೆಯಾಗಿದೆ. ಅದಿಲ್ಲದೆ ಒಂದು ಕ್ಲಬ್ಬು, ಒಂದು ಕ್ರೀಡೆ ಮತ್ತು ಒಬ್ಬ ಗಂಡಸಿನ ಮಾನ ಮೂರೂ ಮುಳುಗುವ ಸ್ಥಿತಿಯಲ್ಲಿವೆ. ಕೊನೆಯ ಬಾರಿ ಅದು ಕಂಡದ್ದು ನಿನ್ನ ಬೀಗದ ಕೈ ಗೊಂಚಲಿನಲ್ಲಿ. ಗೊಂಚಲು ನಿನ್ನ ಕೈಚೀಲದಲ್ಲಿತ್ತು, ಕೈಚೀಲ ನಿನ್ನ ಅಕ್ಕನ ಊರಿನ ಬಸ್ಸಿನಲ್ಲಿತ್ತು. ತನಿಖೆ ಅಲ್ಲಿಗೆ ನಿಂತಿದೆ.

ನಿನಗೆ ಗೊತ್ತಿರುವುದೇ, ಆದರೂ ದಾಖಲೆಗಿರಲಿ. ನಮ್ಮ ಹಾಯಿದೋಣಿ ಕ್ಯಾಟಮರಾನಿಗೆ ಎರಡು ಒಡಲು, ಒಂದೊಂದರ ಹಿಂಬದಿಯಲ್ಲಿ ಒಂದೊಂದು ತೂತು. ದಡಕ್ಕೆ ಬಂದ ಮೇಲೆ ಬಿರಡೆ ತೆಗೆದು ಒಳಗಿನ ನೀರು ಬಸಿಯಬೇಕು, ಹೊರಡುವ ಮುಂಚೆ ತಿರುಪಿ ಮುಚ್ಚಬೇಕು. ಉಳಿದವರೆಲ್ಲ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡುತ್ತಾರೆ. ನೀನು ಮಾತ್ರ ಮದುವೆಯ ಮೊದಲ ವರ್ಷದ ಯಾವುದೋ ಜಗಳದ ಮೇಲೆ ಕಾನೂನು ಮಾಡಿದೆ: ಬಲದ್ದು ನನ್ನ ಗೊಂಚಲಿಗೆ, ಎಡದ್ದು ನಿನ್ನದಕ್ಕೆ, ಮುನಿಸಿಕೊಂಡವರು ಇನ್ನೊಬ್ಬರನ್ನು ಬಿಟ್ಟು ನೀರಿಗಿಳಿಯುವಂತಿಲ್ಲ. ಹತ್ತೊಂಬತ್ತು ವರ್ಷ ಆ ಕಾನೂನು ಚೆನ್ನಾಗಿಯೇ ನಡೆಯಿತು. ನಾವು ಮುನಿಸಿಕೊಂಡೇ ಜೊತೆಯಾಗಿ ಹೋಗುತ್ತಿದ್ದೆವು.

ಈಗ ಕ್ಲಬ್ಬಿನ ಸಮಾಚಾರ. ಭಾನುವಾರ ಅಧ್ಯಕ್ಷರು ಸಭೆ ಕರೆದಿದ್ದರು. ಏಳು ಜನ, ಇಪ್ಪತ್ತು ಕುರ್ಚಿ. ಕ್ಯಾಟಮರಾನಿಗೆ ಇಂಥ ಒಳ್ಳೆಯ ಕಾಲ ಹಿಂದೆಂದೂ ಬಂದಿರಲಿಲ್ಲ ಎಂದು ಶುರು ಮಾಡಿದರು. ಜನ ಸಾಲುಗಟ್ಟಿ ಬಾಡಿಗೆಗೆ ಕೇಳುತ್ತಿದ್ದಾರಂತೆ, ನಾಲ್ಕು ಮಲಗುವ ಕೋಣೆ, ಸೋಫಾ, ಫ್ರಿಜ್ಜು, ಬಿಸಿನೀರು ಇರುವ ದೊಡ್ಡವನ್ನು. ಅವಕ್ಕೂ ಹಾಯಿ ಇರುತ್ತದೆ, ಗುಂಡಿ ಒತ್ತಿದರೆ ಏಳುತ್ತದೆ, ಯಾರೂ ಒತ್ತುವುದಿಲ್ಲ. ಅಂಥವು ಎರಡು ನಮ್ಮ ದಡಕ್ಕೆ ಬರಲಿವೆ. ಆದ್ದರಿಂದ, ಕ್ಯಾಟಮರಾನಿಗೆ ಬೇಡಿಕೆ ಏರಿರುವ ಕಾರಣ ಕ್ಯಾಟಮರಾನುಗಳನ್ನೆಲ್ಲ ಮರಳಿನಿಂದ ತೆರವು ಮಾಡಬೇಕು ಎಂದರು. ಇನ್ನೊಮ್ಮೆ ಹೇಳಿ ಎಂದೆ. ಇನ್ನೊಮ್ಮೆ ಹೇಳಿದರು. ಎರಡು ಸಲವೂ ಅದು ಸರಿಯಾಗಿಯೇ ಕೇಳಿಸಿತು, ಅದೇ ತೊಂದರೆ.

ನಮ್ಮಲ್ಲಿ ಎಲ್ಲರಿಗಿಂತ ಕಿರಿಯವರು ಹಲ್ಲಿನ ಡಾಕ್ಟರು, ಅವರಿಗೆ ಐವತ್ತೊಂದು. ಈಗಿನ ಹುಡುಗ ಹುಡುಗಿಯರು ಒಬ್ಬೊಬ್ಬರೇ ಹಲಗೆಯ ಮೇಲೆ ನಿಂತು ನೀರಿಗೆ ತಾಗದೆ ಹಾರಿಕೊಂಡು ಹೋಗುತ್ತಾರೆ. ಬೈಯುವುದಕ್ಕೆ ಇನ್ನೊಬ್ಬರು ಬೇಕಿಲ್ಲ. ಅದೂ ಒಂದು ಆಟವೇ ಎಂದು ನಾನು ಮೂದಲಿಸಿದೆ. ಆಮೇಲೆ, ಅದರಲ್ಲಿ ತಪ್ಪೇನಿದೆ ಎಂದೂ ಅನ್ನಿಸಿತು.

ಕೊನೆಗೆ ರಾಜಿಯಾಯಿತು. ಬರುವ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಯಾವ ದೋಣಿ ಇಬ್ಬರನ್ನು ಹೊತ್ತು ಕೆಂಪು ತೇಲುಬುರುಡೆ ಸುತ್ತಿ ಬರುತ್ತದೋ ಅದಕ್ಕೆ ಜಾಗ ಉಂಟು. ಉಳಿದವು ಗುಜರಿಗೆ.

ನಿನ್ನೆ ಡಾಕ್ಟರನ್ನು ಜೊತೆಗೆ ಹಾಕಿಕೊಂಡು ಅಭ್ಯಾಸಕ್ಕೆ ಹೋದೆ. ಚುಕ್ಕಾಣಿ ತಮಗೇ ಬೇಕೆಂದು ಹಟ ಹಿಡಿದರು. ಬೇರೆ ಗತಿಯಿಲ್ಲದೆ, ದೋಣಿ ಮಗುಚದಂತೆ ಅಂಚಿನಲ್ಲಿ ತೂಕ ಕೊಡುವ ನಿನ್ನ ಜಾಗದಲ್ಲಿ ಕೂತೆ. ಹೊರಡುವ ಮುಂಚೆ ಬಲಗಡೆಯ ಬಿರಡೆ ತಿರುಪಿದ್ದೆ. ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಅಷ್ಟೇ. ಎಡಗಡೆಯದು ತನ್ನಷ್ಟಕ್ಕೆ ಮುಚ್ಚಿರುತ್ತದೆ ಎಂದು ಕೈ ನಂಬಿಬಿಟ್ಟಿದೆ. ತೇಲುಬುರುಡೆಯ ಅರ್ಧ ದಾರಿಗೆ ಎಡ ಒಡಲು ಸುಸ್ತಾದ ಎಮ್ಮೆಯ ಹಾಗೆ ಕೂರತೊಡಗಿತು. ಏನೋ ಸರಿಯಿಲ್ಲ ಡಾಕ್ಟರೇ ಎಂದೆ. ಅವರು ತಿರುಗಿಯೂ ನೋಡಲಿಲ್ಲ.

“ನೀವು ಸುಮ್ನೆ ತೂಕ ಕೊಡಿ ಸಾರ್. ಯೋಚನೆ ಮಾಡೋಕೆ ನಾನಿದೀನಿ.”

ಆ ಮಾತು ಡಾಕ್ಟರದ್ದಲ್ಲ, ನನ್ನದು. ಹದಿಮೂರು ದಿನದ ಹಿಂದೆ ದಡದಲ್ಲಿ ನೀನು, ಇವತ್ತು ಚುಕ್ಕಾಣಿ ನಾನು ಹಿಡೀಲಾ ಅಂತ ಕೇಳಿದಾಗ, ಅಷ್ಟು ಜನರ ಮುಂದೆ ನಾನು ನಗುತ್ತಾ ಹೇಳಿದ್ದು: “ಇವಳದ್ದು ತೂಕ ಕೊಡೋ ಕೆಲಸ ಅಷ್ಟೇ. ಯೋಚನೆ ಮಾಡೋಕೆ ನಾನಿದೀನಿ.” ಎಲ್ಲರೂ ನಕ್ಕರು. ನೀನೂ ನಕ್ಕೆ. ಮಾರನೆಯ ದಿನ ಬಸ್ಸು ಹತ್ತಿದೆ.

ನಮ್ಮನ್ನು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು. ಎಳೆದದ್ದು ಆ ಹಲಗೆಯ ಹುಡುಗಿಯರು.

ಅಕ್ಕಪಕ್ಕದವರಿಗೆಲ್ಲ ನಿನ್ನ ಅಕ್ಕನಿಗೆ ಮಂಡಿನೋವು, ನೋಡಿಕೊಳ್ಳಲು ಹೋಗಿದ್ದಾಳೆ ಎಂದು ಹೇಳಿದ್ದೇನೆ. ಮಂಡಿ ಗಟ್ಟಿಮುಟ್ಟಾಗಿದೆ ಎಂದು ನನಗೂ ಗೊತ್ತು. ಫೋನಿನಲ್ಲಿ ಅವರು ನನ್ನನ್ನು ಬೈಯುತ್ತಾ ಮೂರು ಮಹಡಿ ಹತ್ತಿದ್ದು ಕೇಳಿಸಿತು, ಏದುಸಿರೂ ಬರಲಿಲ್ಲ.

ಈ ಆಟಕ್ಕೆ ಮುಂದೆ ಬಾಳಿಕೆ ಇದೆಯೋ ಇಲ್ಲವೋ, ನನಗೆ ತಿಳಿಯದು. ಒಂದು ದಿನ ಆ ಸೋಫಾದವೇ ನಿಜವಾದವು ಅನ್ನಿಸುತ್ತದೆ, ಇನ್ನೊಂದು ದಿನ ಅವಕ್ಕೆ ಬೆಂಕಿ ಬೀಳಲಿ ಅನ್ನಿಸುತ್ತದೆ. ಇಬ್ಬರು ಬೇಕಾಗುವ ದೋಣಿಯನ್ನು ನಾನು ಇಷ್ಟು ವರ್ಷ ಒಬ್ಬನೇ ನಡೆಸುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಅದಕ್ಕೆ ಏನನ್ನಬೇಕೋ ಅದೂ ತೋಚುತ್ತಿಲ್ಲ. ಕ್ಷಮಿಸು ಎಂದು ಮೂರು ಹಾಳೆ ಬರೆದು ಹರಿದೆ. ಮೂರರಲ್ಲೂ ಅಧ್ಯಕ್ಷರ ಭಾಷಣದ ವಾಸನೆ ಇತ್ತು.

ಹಾಗಾಗಿ ಕೇಳುವುದು ಬಿರಡೆ ಮಾತ್ರ. ಭಾನುವಾರದೊಳಗೆ ಅದು ಬರಬೇಕು. ಅಂಚೆಯನ್ನು ನಂಬುವ ಹಾಗಿಲ್ಲ. ಗೊಂಚಲಿನ ಸಮೇತ, ಕೈಚೀಲದ ಸಮೇತ ಬಂದರೆ ಕ್ಷೇಮ.

ಇಂತಿ,
ನಿನ್ನ
ಮಾಜಿ ಕ್ಯಾಪ್ಟನ್

ಮರೆತಿದ್ದೆ: ಇಂಥ ಬಿರಡೆ ದೋಣಿ ಸಾಮಾನಿನ ಅಂಗಡಿಯಲ್ಲಿ ರಾಶಿ ರಾಶಿ ಸಿಗುತ್ತದೆ ಎಂದು ಅಕ್ಕ ಹೇಳಬಹುದು. ಸಿಗುತ್ತದೆ. ನಿನ್ನೆ ಸಂಜೆಯೇ ಒಂದು ತಂದೆ, ಸರಿಯಾಗಿ ಕೂರುತ್ತದೆ, ಮೇಜಿನ ಖಾನೆಯಲ್ಲಿದೆ. ಅದನ್ನು ಹಾಕುವುದಿಲ್ಲ. ಇನ್ನೊಂದು ವಿಷಯ: ತೂಕ ಕೊಡಲು ದೋಣಿಯ ತಂತಿಗೆ ಜೋತುಬೀಳುವಾಗ ನೀನು ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿ ನನ್ನ ಹೊಟ್ಟೆಗೆ ನಾಲ್ಕು ಬೆರಳು ಸಾಲದು. ಭಾನುವಾರ ಅದನ್ನು ನಾನೇ ಕಟ್ಟಿಕೊಳ್ಳಬೇಕು. ಸಡಿಲ ಮಾಡುವ ಕೊಂಡಿ ಎಡಕ್ಕಿದೆಯೋ ಬೆನ್ನಿಗಿದೆಯೋ, ಎರಡು ಸಾಲು ಬರೆದು ತಿಳಿಸು.