ಅಕ್ಕನ ಜೊತೆ ವಾಕಿಂಗ್

ಮಾರ್ಚ್ ೧೧, ಮಂಗಳವಾರ

ಮೂರು ವಾರದಿಂದ ಅಕ್ಕನಿಗೆ ಹೇಳುತ್ತಿದ್ದ ಸುಳ್ಳು ಇವತ್ತು ಬಯಲಾಯಿತು. ಎಷ್ಟು ಹಗುರವಾಗಿದೆ!

ಬಸ್ಸಿನಲ್ಲಿ ಉಸಿರು ಕಟ್ಟಿದಂತಾದ ದಿನದಿಂದ, ಅಂದರೆ ನಾಲ್ಕು ತಿಂಗಳಿಂದ, ನಾನು ಗೇಟು ದಾಟಿರಲಿಲ್ಲ. ದಿನಾ ಸಂಜೆ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. "ನೀನು ಅಲ್ಲಿ ನಡಿ, ನಾನು ಇಲ್ಲಿ ನಡೀತೀನಿ. ಫೋನಲ್ಲಿ ಮಾತಾಡ್ತಾ ಇರೋಣ," ಅಂದಿದ್ದಳು ಅಕ್ಕ. ನಾನು ಮಾಡಿದ್ದು ಅಡುಗೆಮನೆಯಲ್ಲೇ ನಿಂತು ಏದುಸಿರು ಬಿಡುವ ನಾಟಕ.

ಇವತ್ತು ಅವಳ ಕಡೆಯಿಂದ ಕುಕ್ಕರ್ ಕೂಗಿತು.

"ಅಕ್ಕಾ, ನಿಮ್ಮ ರಸ್ತೇಲಿ ಕುಕ್ಕರ್ ಕೂಗುತ್ತಾ?"

"ನಿಮ್ಮ ರಸ್ತೇಲಿ ಫ್ರಿಜ್ ಗುಂಯ್ ಅನ್ನಲ್ವಾ, ಹಾಗೆ! ಮೊದಲ ದಿನದಿಂದ ಕೇಳಿಸ್ತಿದೆ ಕಣೇ ಕಳ್ಳಿ. ನೀನು ಹೊರಗೆ ಕಾಲಿಡೋವರೆಗೂ ನಾನೂ ಇಡಲ್ಲ ಅಂತ ಕೂತಿದ್ದೀನಿ. ಎರಡು ಕಿಲೋ ತೂಕ ಏರಿದೆ, ಆ ಪಾಪ ನಿಂದೇ."

ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು. ಆ ನಗುವಿನಲ್ಲೇ ಬೀಗ ಹಾಕಿ ಹೊರಟುಬಿಟ್ಟೆ. ಅವಳೂ ಹೊರಟಳು. ಔಷಧಿ ಅಂಗಡಿಯ ತಿರುವಿನವರೆಗೆ ಹೋದೆ. ಎದೆ ಡವಗುಟ್ಟಿತು, ಆದರೂ ನಿಲ್ಲಲಿಲ್ಲ. ಧೈರ್ಯ ಬಂದಿತ್ತೋ, ಹೆದರುವುದನ್ನು ಮರೆತಿದ್ದೆನೋ? ಈಗಲೂ ಗೊತ್ತಾಗುತ್ತಿಲ್ಲ.

ವಾಪಸು ಬಂದಾಗ ಇವರು ಮೆಟ್ಟಿಲ ಮೇಲೆ ಕೂತಿದ್ದರು. ನಾನು ಮನೆಯಲ್ಲೇ ಇರುತ್ತೇನೆಂದು ಕೀ ಒಯ್ಯುವುದನ್ನೇ ಬಿಟ್ಟಿದ್ದಾರೆ. ರೇಗುತ್ತಾರೇನೋ ಅಂದುಕೊಂಡೆ. ಮುಖ ಊರಗಲ ಮಾಡಿಕೊಂಡು, "ಇಷ್ಟು ಬೇಗ ಯಾಕೆ ಬಂದೆ? ಇನ್ನೊಂದು ಸುತ್ತು ಹೋಗಿ ಬಾ, ನಾನು ಕೂತಿರ್ತೀನಿ," ಅಂದರು.

ಹೋಗಿಬಂದೆ.