ಅಡುಗೆಮನೆಗೂ ಪರದೆ ಕಾಣಬೇಕು

ಸಂಸ್ಕೃತಿ ಭವನದ ನಕ್ಷೆಗೆ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ನರಸಿಂಹರಾಜಪುರದ ನಮ್ಮ ಹೊಸ ಭವನದಲ್ಲಿ ಸಭಾಂಗಣಕ್ಕೂ ಅಡುಗೆಮನೆಗೂ ನಡುವೆ ಒಂದು ಗೋಡೆ ಎಬ್ಬಿಸಿದ್ದೀರಿ. ಅದನ್ನು ಒಡೆಸಿ. ನಮ್ಮ ಸಿನಿಮಾ ಬಳಗ ಚಿತ್ರಕೂಟದ ಪರವಾಗಿ ಮನವಿ ಕೊಟ್ಟಾಗ 'ಪರಿಶೀಲಿಸಲಾಗುವುದು' ಎಂದಿರಿ. ಸರ್ಕಾರಿ ಪರಿಶೀಲನೆಯ ಆಯುಷ್ಯ ಎಷ್ಟೆಂದು ಬಲ್ಲೆವಾದ್ದರಿಂದ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಈ ಭವನ ಏಳುವ ಮೊದಲು ಅಲ್ಲೊಂದು ಹಳೆಯ ಭತ್ತದ ಗೋದಾಮು ಇತ್ತು. ಒಂದೇ ಕೋಣೆ. ಒಂದು ತುದಿಯಲ್ಲಿ ಬಿಳಿ ಪಂಚೆಯ ಪರದೆ, ಇನ್ನೊಂದು ತುದಿಯಲ್ಲಿ ಒಲೆ, ಪಕ್ಕದ ಗೋಡೆಗೆ ಹಗ್ಗ ಕಟ್ಟಿ ಶಾಲೆ ಮಕ್ಕಳು ಬರೆದ ಚಿತ್ರಗಳು. ತಿಂಗಳಿಗೊಂದು ಸಿನಿಮಾ ತೋರಿಸುತ್ತಿದ್ದೆವು. ಅರ್ಧ ಸಿನಿಮಾ ಆದಮೇಲೆ ಚಾಪೆ ತಿರುಗಿಸಿ ಊಟ. ಲೋಕದಲ್ಲಿ ಅಡುಗೆಯವರದ್ದು ಕೊನೆಯ ಪಂಕ್ತಿ, ನಮ್ಮಲ್ಲಿ ಅವರದೇ ಮೊದಲು. ನೋಡಲು ಬಂದವರು ಬಡಿಸುತ್ತಿದ್ದರು, ಪಾತ್ರೆ ಅವರೇ ತೊಳೆಯುತ್ತಿದ್ದರು. ಇಲ್ಲದಿದ್ದರೆ ಅಡುಗೆಯವರಿಗೆ ಉಳಿದರ್ಧ ಸಿನಿಮಾ ತಪ್ಪುತ್ತಿತ್ತು. ಇದನ್ನು ಯಾವ ವಾಸ್ತುಶಿಲ್ಪಿಯೂ ಹೇಳಿಕೊಟ್ಟದ್ದಲ್ಲ. ಕೋಣೆ ಒಂದೇ ಆಗಿತ್ತು, ಆದ್ದರಿಂದ ಹಾಗಾಯಿತು.

ಈಗ ಎಲ್ಲಕ್ಕೂ ಬೇರೆ ಬೇರೆ ಜಾಗ. ಮಕ್ಕಳ ಚಿತ್ರಗಳು ಮಹಡಿಯ ಗ್ಯಾಲರಿಯಲ್ಲಿ, ಗಾಜಿನ ಬಾಗಿಲಿಗೆ ಬೀಗ, ಬೀಗದ ಕೈ ಯಾರ ಹತ್ತಿರ ಎಂದು ಕಾವಲುಗಾರನಿಗೂ ತಿಳಿಯದು. ಕುರ್ಚಿಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದೀರಿ. ಪ್ರೇಕ್ಷಕರು ಎತ್ತಿಕೊಂಡು ಹೋಗುತ್ತಾರೆಂಬ ಭಯವೋ? ಊಟಕ್ಕೆ ನೆಲಮಾಳಿಗೆಯಲ್ಲಿ ನಿಂತು ತಿನ್ನುವ ಏರ್ಪಾಡು. ಅಡುಗೆಮನೆಗೆ ಕಬ್ಬಿಣದ ಬಾಗಿಲು, ಅದರ ಮೇಲೆ 'ಸಿಬ್ಬಂದಿಗೆ ಮಾತ್ರ' ಎಂಬ ಫಲಕ. ಉದ್ಘಾಟನೆಯ ದಿನ ನೀವೇ ಮೈಕಿನಲ್ಲಿ, "ಇನ್ನು ಒಗ್ಗರಣೆ ವಾಸನೆ ಇಲ್ಲದೆ ಕಲೆ ಸವಿಯಬಹುದು" ಎಂದಿರಿ. ಚಪ್ಪಾಳೆಯೂ ಬಿತ್ತು.

ಕಡಹಿನಬೈಲಿನ ಸೀತಕ್ಕನ ಕತೆ ಕೇಳಿ. ವಾರವಿಡೀ ಕೂಲಿಗೆ ಹೋಗುವ ಅವರು ಸಿನಿಮಾದ ದಿನ ನಮಗೆ ಕಡುಬು, ಕಾಯಿಚಟ್ನಿ ಮಾಡಲು ಬರುತ್ತಿದ್ದರು. ಅಡುಗೆ ನೆಪ, ಬರುತ್ತಿದ್ದುದು ಸಿನಿಮಾಕ್ಕೆ. ಹಬೆಯ ನಡುವೆಯೇ ನೋಡುತ್ತ, ಖಳನಾಯಕನಿಗೆ ಸೌಟು ತೋರಿಸಿ ಬೈಯುತ್ತಿದ್ದರು. ಹೊಸ ಭವನದ ಮೊದಲ ಪ್ರದರ್ಶನದಲ್ಲಿ, ಮನೆ ಬಿಟ್ಟು ಹೋದ ಹುಡುಗಿಯೊಬ್ಬಳ ಸಿನಿಮಾ ಹಾಕಿದ್ದೆವು. ಮುಗಿದ ಮೇಲೆ ಕಬ್ಬಿಣದ ಬಾಗಿಲು ತೆರೆದೆ. ಸೀತಕ್ಕ ಒಬ್ಬರೇ ಕೂತಿದ್ದರು.

"ಆ ಹುಡ್ಗಿ ಕೊನಿಗೆ ಮನಿಗೆ ಬಂತಾ ಅಮ್ಮಾ?" ಎಂದರು.

ಬಂದಳು ಎಂದೆ.

"ನೀವೆಲ್ಲ ನಗೋದು ಕೇಳ್ತಿತ್ತು. ಎಂತಕ್ಕೆ ಅಂತ ಗೊತ್ತಾಗ್ಲಿಲ್ಲ. ಇನ್ನು ನಾ ಬರೂದಿಲ್ಲ, ಬೇಜಾರು ಮಾಡ್ಕಬೇಡಿ. ಬರೀ ಅಡುಗೆ ಮಾಡೂದಾದ್ರೆ ನಂಗೆ ಮನೇಲೇ ಉಂಟಲ್ಲ."

ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಇಳಿದಿಲ್ಲ.

ಮಾನ್ಯರೇ, ಗೋಡೆ ಬರೀ ಇಟ್ಟಿಗೆ ಸಿಮೆಂಟಲ್ಲ. ಯಾರು ನೋಡಬೇಕು, ಯಾರು ಬೇಯಿಸಬೇಕು ಎಂದು ಅದು ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ನೀವು ಬೇಕೆಂದೇ ಹೀಗೆ ಮಾಡಿದಿರಿ ಎನ್ನುವುದಿಲ್ಲ. ಅಡುಗೆಯವರೂ ಸಿನಿಮಾ ನೋಡುತ್ತಾರೆಂಬುದು ನಿಮಗೆ ಹೊಳೆಯಲೇ ಇಲ್ಲ. ನನಗೆ ಹೆಚ್ಚು ನೋವಾದದ್ದು ಅದಕ್ಕೇ. ನಕ್ಷೆಗೆ ಸಹಿ ಹಾಕುವ ಮೊದಲು ಒಮ್ಮೆ ಗೋದಾಮಿಗೆ ಬಂದು ಉಂಡಿದ್ದರೆ ಸಾಕಿತ್ತು. ಕರೆದಿದ್ದೆವು, ನಿಮಗೆ ಪುರುಸೊತ್ತಿರಲಿಲ್ಲ.

ಮುಂದಿನ ಪ್ರದರ್ಶನದೊಳಗೆ ಆ ಗೋಡೆ ಇಳಿಯಬೇಕು. ಇಳಿಯದಿದ್ದರೆ ನಾವು ಒಳಗೆ ಕಾಲಿಡುವುದಿಲ್ಲ. ಗಣ್ಯರ ಕಾರು ನಿಲ್ಲುವ ನಿಮ್ಮ ಪೋರ್ಟಿಕೋದಲ್ಲೇ ಒಲೆ ಹೂಡಿ, ಎದುರಿನ ಕಾಂಪೌಂಡಿಗೆ ಪಂಚೆ ಕಟ್ಟಿ ಆ ಹುಡುಗಿಯ ಸಿನಿಮಾವನ್ನೇ ಮತ್ತೆ ಹಾಕುತ್ತೇವೆ. ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಪೊಲೀಸರನ್ನು ಕಳಿಸುವುದಾದರೆ ಊಟದ ಹೊತ್ತಿಗೆ ಕಳಿಸಿ, ಅವರಿಗೂ ಎಲೆ ಹಾಕುತ್ತೇವೆ.

ನಿನ್ನೆ ಸೀತಕ್ಕನ ಮನೆಗೆ ಹೋಗಿ, ಈ ಸಲ ಮುಂದಿನ ಚಾಪೆಯಲ್ಲಿ ಕೂತು ಮೊದಲಿಂದ ಕೊನೆಯವರೆಗೆ ನೋಡಬೇಕು ಎಂದೆ. ಅವರು, "ಹಂಗಾರೆ ಒಲೆ ಹತ್ರ ಯಾರು?" ಎಂದು ಕೇಳಿದರು.

ನಾನು, ಎಂದೆ.

ಇಂತಿ,
ಕಡುಬು ಕಟ್ಟಲು ಈ ವಯಸ್ಸಿನಲ್ಲಿ ಕಲಿಯುತ್ತಿರುವ
ಶಾಂಭವಿ
ಚಿತ್ರಕೂಟ, ನರಸಿಂಹರಾಜಪುರ