ಓ ಅನ್ನದ ಬದು

ನವೆಂಬರ್ ೧೪, ಶುಕ್ರವಾರ. ಪುಣಜನೂರು.

ಮೇಘನಾ ಕ್ಲಾಸಿನಲ್ಲಿ ಕೇಳಿದ ಪ್ರಶ್ನೆ ಬಸ್ಸಿನಲ್ಲೂ ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ.

ಇವತ್ತು ನಾನು ಮಾಡಿದ್ದು ಹಣ್ಣಿನ ನೊಣದ ಭ್ರೂಣದ ಪಾಠ. ಮೈ ಖಂಡಗಳಾಗಿ ವಿಂಗಡವಾಗುವಾಗ ನಡುವಿನ ಗಡಿಯ ಈಚೆಯ ಕೋಶ ವಿಂಗ್‌ಲೆಸ್ ಎಂಬ ಜೀನಿನ ಸಂಕೇತ ಕಳಿಸುತ್ತದೆ, ಆಚೆಯ ಕೋಶ ಹೆಡ್ಜ್‌ಹಾಗ್ ಎಂಬ ಇನ್ನೊಂದು ಜೀನಿನಿಂದ ಉತ್ತರ ಕೊಡುತ್ತದೆ. ಅರ್ಥವಾಗಲೆಂದು ಹೊಲಕ್ಕೆ ಆನೆ ನುಗ್ಗದಂತೆ ನಮ್ಮೂರಿನವರು ರಾತ್ರಿ ಕಾಯುವ ಉದಾಹರಣೆ ಹೇಳಿದೆ. ಒಂದು ಹೊಲದ ಕಾವಲು ಅಟ್ಟಣೆಯಿಂದ ಕೂಗಿದರೆ ಪಕ್ಕದ ಹೊಲದ ಅಟ್ಟಣೆಯವರು ಓ ಅನ್ನಬೇಕು. ಇಬ್ಬರೂ ನಿದ್ದೆಹೋಗದಿರುವುದು ಹಾಗೆ.

"ಒಬ್ರು ಓ ಅನ್ದೇ ಇದ್ರೆ, ಮೇಡಂ?"

ಕೂಗುವುದೂ ನಿಲ್ಲುತ್ತದೆ, ಆಮೇಲೆ ಗಡಿ ಅಳಿಸಿಹೋಗುತ್ತದೆ ಎಂದೆ. ಪರೀಕ್ಷೆಗೆ ಅಷ್ಟು ಸಾಕು.

ಬದುವಿನ ಜಗಳವಾದ ಮೇಲೆ ಪಕ್ಕದ ಹೊಲದ ರಂಗಸ್ವಾಮಿ ಮಾವ ಅಪ್ಪನಿಗೆ ಓ ಅನ್ನುವುದಿಲ್ಲ. ಜಗಳವಾಡಿದ್ದು ಮೊಳದಗಲದ ಬದುವಿಗೆ. ಊಟಕ್ಕೆ ಕೂತಾಗ, "ನೀನೂ ಕೂಗೋದು ಬುಟ್ಬುಡಪ್ಪ" ಎಂದೆ.

"ಅವ್ನು ಬಾಯಿ ಮುಚ್ಕಂಡವ್ನೆ ಅಂತ ನಾನೂ ಮುಚ್ಕಂಡ್ರೆ ಆದದಾ? ಆನೆ ಏನು ಬದು ನೋಡ್ಕಂಡು ಬಂದದಾ ಕಣಮ್ಮಿ?" ಎಂದು ಅಪ್ಪ ಟಾರ್ಚ್ ಹಿಡಿದು ಹೊರಟ.

ಈಗ ಕೂಗುತ್ತಿದ್ದಾನೆ. ಆಚೆಯಿಂದ ಏನೂ ಇಲ್ಲ. ಮತ್ತೆ ಕೂಗಿದ. ಉತ್ತರವಿಲ್ಲದೆಯೂ ಕೂಗುತ್ತಲೇ ಇರುವ ಕೋಶ ನನ್ನ ಪಠ್ಯಪುಸ್ತಕದಲ್ಲಿಲ್ಲ. ಸೋಮವಾರ ಮೇಘನಾಗೆ ಏನು ಹೇಳಲಿ? ಅಪವಾದವೆಂದು ಹೇಳಿದರೆ—

ಆಚೆ ಅಟ್ಟಣೆಯಲ್ಲಿ ಯಾರೋ ಜೋರಾಗಿ ಕೆಮ್ಮಿದರು. ರಂಗಸ್ವಾಮಿ ಮಾವನೇ. ಸಂಜೆ ಬಸ್‌ಸ್ಟಾಪಿನಲ್ಲಿ ನೋಡಿದಾಗ ಮಾವನಿಗೆ ಕೆಮ್ಮೇನೂ ಇರಲಿಲ್ಲ.